ಅಂಚು ಅಳಿಸಿದ ಪುಸ್ತಕ

ಹೊಳೆದಂಡೆಯ ಮೇಲೊಂದು ಮಠ. ಅಲ್ಲಿ ಮರುಳಯ್ಯ ಅಜ್ಜನವರು, ಅವರ ಶಿಷ್ಯ ಕಲ್ಮೇಶ, ಎರಡು ಕಪಾಟು ತುಂಬ ಕಲ್ಲಚ್ಚಿನ ಕಾಲದ ಪುಸ್ತಕಗಳು. ಇಂಥವು ಬೇರೆಲ್ಲೂ ಸಿಗುವುದಿಲ್ಲ ಎಂದು ಬಂದವರೆಲ್ಲ ಹೇಳುತ್ತಿದ್ದರು. ಹೇಳಿ, ಪ್ರಸಾದ ಉಂಡು, ಹೋಗುತ್ತಿದ್ದರು. ಒಬ್ಬರೂ ಕೂತು ಓದುತ್ತಿರಲಿಲ್ಲ.

ಅಜ್ಜನವರ ಕಣ್ಣು ಮಂಜಾಗಿತ್ತು. ಪುಸ್ತಕಗಳ ಹಾಳೆಯೂ ಮುಟ್ಟಿದರೆ ಪುಡಿಯಾಗುತ್ತಿತ್ತು.

"ಅಜ್ಜಾರ, ಇವು ಇನ್ನ ಭಾಳ ದಿನ ಉಳಿಯಂಗಿಲ್ರಿ," ಎಂದ ಕಲ್ಮೇಶ. "ಒಂದೊಂದು ಹಾಳಿ ಫೋಟೋ ತಗದು ಇಂಟರ್ನೆಟ್ಟಿಗೆ ಹಾಕ್ತೀನ್ರಿ. ಸೂಚಿ ಮಾಡ್ತೀನ್ರಿ. ಯಾವ ಊರಾಗ ಕುಂತವರೂ ಓದಬಹುದು."

"ಮಾಡು," ಎಂದರು ಅಜ್ಜನವರು. "ಕೈ ತೊಳಕೊಂಡು ಮುಟ್ಟು. ಪುಸ್ತಕದ ಮ್ಯಾಲೆ ಒಂದು ಕಲಿ ಬೀಳಬಾರದು."

ಅದು ಆ ಮಠದ ಮೊದಲ ಪಾಠ. ಕಲ್ಮೇಶ ಅದನ್ನು ಎಷ್ಟು ಚೆನ್ನಾಗಿ ಕಲಿತಿದ್ದನೆಂದರೆ, ಬೇರೆಯವರು ಮಾಡಿದ ಕಲೆಯನ್ನೂ ಅವನು ಸಹಿಸುತ್ತಿರಲಿಲ್ಲ.

ಪರದೆಯ ಮೇಲೆ ಹಾಳೆಗಳು ದೊಡ್ಡದಾಗಿ ಕಂಡವು. ಎಣ್ಣೆಯ ಹನಿ, ದೀಪದ ಮಸಿ, ಅರಿಸಿನದ ಬೆರಳು. ಅಂಚಿನ ತುಂಬ ಪೆನ್ಸಿಲಿನ ಗೀಚು. ಕಲ್ಮೇಶನಿಗೆ ಮೈ ಉರಿಯಿತು. ಇಂಥ ಪುಸ್ತಕದ ಮೇಲೆ ಗೀಚಲು ಯಾವ ಪುಣ್ಯಾತ್ಮನಿಗೆ ಮನಸ್ಸು ಬಂತೋ ಎಂದು ಬೈದುಕೊಂಡ. ಕಂಪ್ಯೂಟರಿನಲ್ಲಿ ಒಂದೊಂದನ್ನೇ ಒರೆಸಿದ. ಕತ್ತು ಹಿಡಿದುಕೊಂಡರೂ ಬಿಡಲಿಲ್ಲ. ಪುಟಗಳು ಆಗತಾನೇ ಅಚ್ಚಿನಿಂದ ಬಂದಂತೆ ಬೆಳ್ಳಗಾದವು.

ಸೂಚಿಯಲ್ಲಿ ಪುಸ್ತಕದ ಹೆಸರು, ಅಚ್ಚಾದ ಊರು, ಪುಟಗಳು ಎಲ್ಲವನ್ನೂ ಬರೆದ. ಕೊನೆಯಲ್ಲಿ 'ಸ್ಥಿತಿ' ಎಂದಿದ್ದ ಕಡೆ, ಪ್ರತಿ ಪುಸ್ತಕಕ್ಕೂ 'ಪೂರ್ಣ' ಎಂದು ಬರೆದ. ಹಾಗೆ ಬರೆಯುವಾಗ ಅವನಿಗೆ ಒಳಗೊಳಗೇ ಹೆಮ್ಮೆ.

"ಎಲ್ಲಾ ಬಂತೇನು?" ಕೇಳಿದರು ಅಜ್ಜನವರು.

"ಎಲ್ಲಾ ಬಂತ್ರಿ."

"ಪುಸ್ತಕದಾಗ ಇದ್ದದ್ದು ಏನೂ ಬಿಟ್ಟಿಲ್ಲ?"

"ಏನೂ ಬಿಟ್ಟಿಲ್ರಿ, ಅಜ್ಜಾರ."

ಓದಲು ಬಾರದಷ್ಟು ಹಳೆಯದಾದ ಪುಸ್ತಕವನ್ನು ಆ ಮಠದಲ್ಲಿ ಸುಡುವುದಿಲ್ಲ, ರದ್ದಿಗೆ ಹಾಕುವುದಿಲ್ಲ. ಹೂವೇರಿಸಿ ಹೊಳೆಗೆ ಬಿಡುತ್ತಾರೆ. ಅಜ್ಜನವರು ಅಪ್ಪಣೆ ಕೊಟ್ಟರು. ಕಲ್ಮೇಶ ಪುಸ್ತಕಗಳನ್ನು ಬಿಳಿ ಬಟ್ಟೆಯಲ್ಲಿ ಗಂಟು ಗಂಟಾಗಿ ಕಟ್ಟಿ, ಒಂದೊಂದರೊಳಗೂ ಕಲ್ಲಿಟ್ಟು, ನಡುನೀರಿನಲ್ಲಿ ಬಿಟ್ಟು ಬಂದ. ಎದೆಯ ಭಾರ ಇಳಿದಂತಾಯಿತು.

ಮಳೆಗಾಲ ಕಳೆದ ಮೇಲೆ ಒಬ್ಬ ಹೆಂಗಸು ಬಂದಳು. ವಯಸ್ಸಾಗಿತ್ತು. ಕೈಯಲ್ಲಿ ಫೋನು ಹಿಡಿದಿದ್ದಳು.

"ನಾ ದುಂಡವ್ವ ಅಂತ್ರಿ. ನಮ್ಮಪ್ಪ ಬಾಳಪ್ಪ ಅಂತ, ಮನಿ ಬಿಟ್ಟು ಈ ಮಠಕ್ಕ ಬಂದಿದ್ದ. ಇಲ್ಲೇ ತೀರಿಕೊಂಡ."

ಅಜ್ಜನವರ ಮುಖ ಅರಳಿತು. "ಬಾಳಪ್ಪನ ಮಗಳೇನವಾ! ದಿನಾ ಸಂಜಿಕೆ ಪುರಾಣ ಓದಾವ. ಕಿವಿಗೆ ಪೆನ್ಸಿಲ್ ಸಿಗಿಸಿಕೊಂಡೇ ಇರಾವ. ನಾ ಆಗ ಸಣ್ಣಾವ, ಮುಂದ ಕುಂತು ಕೇಳತಿದ್ದೆ."

ಪೆನ್ಸಿಲ್ ಎಂದದ್ದೇ ಕಲ್ಮೇಶ ತಲೆ ಎತ್ತಿ ನೋಡಿದ.

"ಆ ಪೆನ್ಸಿಲ್ಲಿಲೆ ಬರದದ್ದನ್ನ ನೋಡಾಕ ಬಂದೇನ್ರಿ," ಎಂದಳು ದುಂಡವ್ವ. "ಅಪ್ಪ ಇಲ್ಲಿಗೆ ಬಂದ ಮ್ಯಾಲೆ ನಮ್ಮವ್ವ ನನ್ನ ಬಗಲಾಗ ಹೊತ್ಗೊಂಡು ಒಮ್ಮೆ ಬಂದಿದ್ಲಂತ. ಎದುರಿಗೇ ನಿಂತಿದ್ಲಂತ. ಅಪ್ಪ ತಲಿ ಎತ್ತಲಿಲ್ಲ. ಪುರಾಣದ ಅಂಚಿನಾಗ ಏನೋ ಬರಕೋತ ಕುಂತನಂತ. ಅವ್ವ ತಿರುಗಿ ಹೋದ್ಲು. ಸಾಯೂತನಕ ಅದನ್ನೇ ಅಂದ್ಲು, ಏನು ಬರದಿದ್ದಾನು ಅವತ್ತು, ಏನು ಬರದಿದ್ದಾನು ಅಂತ."

"ಐತಿ, ಐತಿ," ಎಂದರು ಅಜ್ಜನವರು. "ಕಲ್ಮೇಶ, ಕಂಪ್ಯೂಟರಿನಾಗ ತೋರಸು."

ಕಲ್ಮೇಶ ಏಳಲಿಲ್ಲ.

"ಮೊಮ್ಮಗಳು ಫೋನಿನಾಗ ತೋರಿಸಿದ್ಲ್ರಿ," ಎಂದಳು ದುಂಡವ್ವ. "ಎಲ್ಲಾ ಹಾಳಿ ತಿರುವಿ ನೋಡಿದೆ. ಅಂಚು ಬರೇ ಬೆಳ್ಳಗ ಐತಿ. ಫೋಟೋದಾಗ ಬಂದಿರಲಿಕ್ಕಿಲ್ಲ, ಪುಸ್ತಕದಾಗ ಇರತೈತಿ ಅಂತ ಬಂದೆ."

ಅಂಚಿನಲ್ಲಿ ಏನೂ ಇರಲಿಲ್ಲ ಎಂದುಬಿಡೋಣವೇ ಎನಿಸಿತು ಕಲ್ಮೇಶನಿಗೆ. ಅವಳು ನಂಬಿ ಹೋಗುತ್ತಿದ್ದಳು. ಅಜ್ಜನವರು ಕಾಣದ ಕಣ್ಣನ್ನು ಅವನ ಕಡೆಗೇ ತಿರುಗಿಸಿ ಕೂತಿದ್ದರು.

"ಪುಸ್ತಕ ಹೊಳಿಗೆ ಬಿಟ್ಟೇವ್ರಿ, ಅವ್ವಾರ," ಎಂದ. "ಅಂಚಿನಾಗ ಬರದದ್ದಿತ್ತು. ಕಲಿ ಅಂತ ತಿಳಕೊಂಡು ಫೋಟೋದಾಗ ನಾನ ಅಳಿಸೇನ್ರಿ. ಮೊದಲಿನ ಫೋಟೋನೂ ಇಟ್ಟಿಲ್ರಿ."

ದುಂಡವ್ವ ಬೈಯಲಿಲ್ಲ. ಸ್ವಲ್ಪ ಮುಂದೆ ಸರಿದು ಕೂತಳು.

"ಹೋಗಲಿ ಬಿಡಪಾ. ಅಳಿಸೂ ಮುಂದ ನೀನರ ಓದಿರತೀ. ಬಾಯಿಲೆ ಹೇಳು, ಸಾಕು."

ಕಲ್ಮೇಶ ನೆನಪಿಸಿಕೊಳ್ಳಲು ನೋಡಿದ. ಒಂದು ಪದವಾದರೂ ಬರಲಿ ಎಂದು ಹಂಬಲಿಸಿದ. ಬೂದುಬಣ್ಣದ ಗೀಚುಗಳು, ಅವುಗಳ ಮೇಲೆ ಓಡಾಡುವ ತನ್ನ ಕೈ, ಇಷ್ಟೇ ಕಣ್ಣಮುಂದೆ ಬಂತು. ಆ ಬರಹದ ಮೇಲೆ ಅಷ್ಟು ಹೊತ್ತು ಬಗ್ಗಿ ಕೂತವನು ಅವನೊಬ್ಬನೇ.

"ಓದಲಿಲ್ರಿ," ಎಂದ.

ಅವಳು ಫೋನನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಅಜ್ಜನವರ ಪಾದ ಮುಟ್ಟಿದಳು. ಹೊಳೆಯ ಹತ್ತಿರ ಹೋಗಿ ನೀರು ನೋಡುತ್ತ ನಿಂತು, ಆಮೇಲೆ ಬಸ್ಸಿನ ದಾರಿ ಹಿಡಿದಳು.

ಕಲ್ಮೇಶ ನೀರಿಗೆ ಇಳಿದ. ಗಂಟು ಬಿಟ್ಟ ಕಡೆ ಮುಳುಗಿ ಮುಳುಗಿ ತಡಕಾಡಿದ. ಮಳೆಗಾಲದ ನೀರು ಅಲ್ಲಿ ಏನನ್ನೂ ಉಳಿಸಿರಲಿಲ್ಲ. ಒದ್ದೆ ಬಟ್ಟೆಯಲ್ಲೇ ಬಂದು ಅಜ್ಜನವರ ಮುಂದೆ ನಿಂತ.

"ನನಗ ಶಿಕ್ಷೆ ಕೊಡ್ರಿ, ಅಜ್ಜಾರ."

"ಹೊಳಿಗೆ ಬಿಡು ಅಂದಾವ ನಾನು. ಕಲಿ ಬೀಳಬಾರದು ಅಂತ ಕಲಿಸಿದಾವನೂ ನಾನು. ಮನಿಷಾ ಬರದದ್ದು ಕಲಿ ಅಲ್ಲ ಅಂತ ಕಲಿಸಬೇಕಿತ್ತು, ಕಲಿಸಲಿಲ್ಲ. ನಿನಗೇನು ಶಿಕ್ಷೆ ಕೊಡಲಿ?"

"ಹಂಗಾದ್ರ ಇದನ್ನ ಹೆಂಗ ಸರಿ ಮಾಡ್ಲಿ?"

"ಸರಿ ಆಗಂಗಿಲ್ಲ."

ಕಲ್ಮೇಶ ಅತ್ತ. ಅಜ್ಜನವರು ಸಮಾಧಾನ ಹೇಳಲಿಲ್ಲ. ಅಳು ನಿಂತ ಮೇಲೆ ಕೇಳಿದರು:

"ಸೂಚಿಯೊಳಗ ಆ ಪುಸ್ತಕದ ಸ್ಥಿತಿ ಏನಂತ ಬರದೀ?"

"ಪೂರ್ಣ ಅಂತ ಬರದೇನ್ರಿ."

ಅಜ್ಜನವರು ಹೊಳೆಯ ಸದ್ದು ಬರುವ ಕಡೆಗೆ ಮುಖ ತಿರುಗಿಸಿದರು.

"ಅಳಿಸೂದು ನಿನಗ ಚಲೋ ಬರತೈತಿ," ಎಂದರು. "ಹೋಗು, ಅದನ್ನೂ ಅಳಿಸು."