ಬೊಗಳಬೇಡ ಎಂದ ನಾಯಿ

ನಾಯಿಗಳ ಆಶ್ರಯಧಾಮಕ್ಕೆ ಮೂರನೇ ಸಲ ವಾಪಸಾಗಿದ್ದ ಮುದಿ ನಾಯಿ ಪಕ್ಕದ ಗೂಡಿನ ಮರಿಗೆ ಬುದ್ಧಿ ಹೇಳಿತು: "ಯಾರಾದರೂ ಮನೆಗೆ ಕರೆದುಕೊಂಡು ಹೋದರೆ ಅಪ್ಪಿತಪ್ಪಿಯೂ ಬೊಗಳಬೇಡ. ಬೊಗಳಿದ್ದಕ್ಕೇ ಮೂರು ಮನೆಯವರೂ ನನ್ನನ್ನು ತಂದು ಬಿಟ್ಟರು."

ಮರುದಿನವೇ ಯಜಮಾನರೊಬ್ಬರು ಬಂದು, ಮರಿಯನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಂಡು, ಕಾರಿನಲ್ಲಿ ಮನೆಗೆ ಒಯ್ದರು. ಎರಡು ತಿಂಗಳಿಗೆ ಅದೇ ಕಾರಿನಲ್ಲಿ ವಾಪಸು ತಂದರು.

"ಕಳ್ಳ ಬಂದರೂ ಬಾಲ ಅಲ್ಲಾಡಿಸುತ್ತೆ. ಒಂದು ಸಲವಾದರೂ ಬೊಗಳಬಾರದಾ?" ಎಂದು ದೂರಿದರು.

"ನೀನು ಹೇಳಿದ ಹಾಗೇ ಇದ್ದೆನಲ್ಲ, ತಾತ!" ಎಂದು ಮರಿ ಅತ್ತಿತು.

ಮುದಿ ನಾಯಿ ಉತ್ತರ ಕೊಡುವಷ್ಟರಲ್ಲಿ ಯಜಮಾನರು ಅದರ ಗೂಡಿನ ಮುಂದೆ ಬಂದು ನಿಂತರು.

"ಇದಾದರೂ ಬೊಗಳುತ್ತಾ?"

ಮರಿಯ ಕಡೆ ತಿರುಗಿಯೂ ನೋಡದೆ ಮುದಿ ನಾಯಿ ಗಂಟಲು ಹರಿದುಹೋಗುವಂತೆ ಬೊಗಳಿತು.