ತುಂಬಿದ ಸಂತೆ

“ಗುರುಗಳೇ, ಮೈಬಣ್ಣದ ದ್ವೇಷಕ್ಕೆ ಎಂದೋ ಬಲಿಯಾದವನನ್ನು ಸಿನಿಮಾದವರು ಮತ್ತೊಮ್ಮೆ ಸಾಯಿಸಿ ತೋರಿಸುತ್ತಾರೆ. ನೋಡಲಾಗುವುದಿಲ್ಲ. ಹೇಗೂ ಕಟ್ಟಿದ ಆಟವಲ್ಲವೇ, ಅವನನ್ನು ಉಳಿಸಿಬಿಟ್ಟರೆ ಏನು ನಷ್ಟ?” ಎಂದು ಶಿಷ್ಯ ಕೇಳಿದ.

“ನಿನ್ನದು ಹೆಂಗರುಳು ಕಣಪ್ಪ” ಎಂದು ಗುರು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಕಾಡಂಚಿನ ಒಂದು ಊರಿಗೆ, ಅಲ್ಲಿ ನಡೆದ ಕೊಲೆಯೊಂದನ್ನು ಸಿನಿಮಾ ಮಾಡಲು ಒಬ್ಬ ನಿರ್ದೇಶಕ ಬಂದ. ಹಿಂದೆ ಆ ಊರಿನ ಸಂತೆಯಲ್ಲಿ ಬಸ್ತ್ಯಾಂವ ಎಂಬ ಸಿದ್ದಿಯ ಕೊಲೆಯಾಗಿತ್ತು. ಸಿದ್ದಿಗಳ ಹಿರಿಯರು ಎಂದೋ ಆಫ್ರಿಕಾದಿಂದ ಬಂದವರು. ಬಸ್ತ್ಯಾಂವ ಹುಟ್ಟಿ ಬೆಳೆದದ್ದು ಇದೇ ಕಾಡಿನಲ್ಲಿ. ಅವನು ಜೇನು ಮಾರಲು ಸಂತೆಗೆ ಬಂದಿದ್ದ. ಅವನ ಕಪ್ಪು ಮೈ, ಗುಂಗುರು ಕೂದಲು ಕಂಡು ಕೆಲವರು “ನಿನ್ನ ದೇಶಕ್ಕೆ ಹೋಗು” ಎಂದು ಹಂಗಿಸಿದರು. “ಇದೇ ನನ್ನೂರು” ಎಂದು ಅವನು ಹೇಳಿದ. ಅಷ್ಟಕ್ಕೇ ಬಡಿದು ಕೊಂದರು. ತುಂಬಿದ ಸಂತೆ ನಿಂತು ನೋಡಿತು. ಆಮೇಲೆ ಊರಿಗೆ ಊರೇ ಒಂದು ಮಾತು ಹಿಡಿಯಿತು: ಅಂದು ಸಂತೆ ಕೂಡಿರಲೇ ಇಲ್ಲ, ಯಾರೂ ನೋಡಲಿಲ್ಲ.

ಬಸ್ತ್ಯಾಂವನ ಮಗಳು ನೋಡಿದ್ದಳು. ಆಗ ಅವಳು ಅಪ್ಪನ ಕೈ ಹಿಡಿದು ಬಂದ ಕೂಸು. ಈಗ ಹಣ್ಣು ಮುದುಕಿ. ಸಂತೆ ತುಂಬಿತ್ತು ಎಂದು ಅವಳು ಹೇಳಿದಾಗಲೆಲ್ಲ ಹಿರಿಯರು, “ಸಣ್ಣವಳಿದ್ದೆ, ನಿನಗೇನು ನೆನಪು” ಎಂದು ಬಾಯಿ ಮುಚ್ಚಿಸಿದ್ದರು. ತಾನು ಕಣ್ಣು ಮುಚ್ಚುವ ಮೊದಲು ಆ ತುಂಬಿದ ಸಂತೆಯನ್ನು ಲೋಕ ನೋಡಬೇಕು ಎಂಬುದೊಂದೇ ಅವಳ ಆಸೆ.

ಊರಿನ ಈಗಿನ ಜನ ಅವಳ ಕೈಯ ಜೇನು ತಿಂದು ಬೆಳೆದವರು. ನಿರ್ದೇಶಕ ಅವರನ್ನೇ ಸಂತೆಯ ಜನರಾಗಿ ನಿಲ್ಲಿಸಿದ. ಬಸ್ತ್ಯಾಂವನ ಪಾತ್ರಧಾರಿಯ ಮೇಲೆ ಮೊದಲ ಏಟು ಬಿದ್ದೊಡನೆ ಬಳೆಗಾರ್ತಿಯ ವೇಷದ ಹೆಂಗಸು ಬುಟ್ಟಿ ಬಿಸುಟು ಓಡಿಬಂದು ಬಡಿಗೆ ಕಿತ್ತುಕೊಂಡಳು. ಮತ್ತೆ ತೆಗೆದರೆ ತರಕಾರಿಯವನು ಮೇಲೆ ಬಿದ್ದ. ಕೊಲೆಗಾರನ ವೇಷದವನಿಗೆ ನಿಜವಾಗಿಯೇ ಎರಡು ಬಿದ್ದವು. ಇನ್ನೊಮ್ಮೆ ತೆಗೆದರೆ ಇಡೀ ಸಂತೆಯೇ ನುಗ್ಗಿತು. ಪಾಪ, ಕೊಲೆಗಾರ “ನನಗೂ ಹೆಂಡತಿ ಮಕ್ಕಳಿದ್ದಾರೆ ಸ್ವಾಮಿ” ಎಂದು ಕ್ಯಾಮರಾದ ಹಿಂದೆ ಅಡಗಿಕೊಂಡ.

ನಿರ್ದೇಶಕ ಹಣೆ ಚಚ್ಚಿಕೊಂಡ. “ಸುಮ್ಮನೆ ನಿಲ್ಲೋದಕ್ಕೆ ಒಬ್ಬರಿಗೂ ಬರೋದಿಲ್ಲವಲ್ಲ! ಅಜ್ಜಿ, ನೀವಾದರೂ ಹೇಳಿ.”

ಮುದುಕಿ ಅಳುತ್ತಿದ್ದಳು. ಓಡಿಬಂದ ಜನರನ್ನು ಕಂಡು ಅವಳ ಹೊಟ್ಟೆ ತಂಪಾಗಿತ್ತು. ಹೀಗೇ ಬಿಟ್ಟರೆ ಅಪ್ಪ ಉಳಿಯುತ್ತಾನೆ ಎಂದು ಒಂದು ಗಳಿಗೆ ಅವಳಿಗೂ ಅನಿಸಿತು. ಆದರೆ ಹೀಗೇ ಬಿಟ್ಟರೆ ಊರಿನ ಸುಳ್ಳೂ ಉಳಿಯುತ್ತದೆ. ಅವಳು ಎದ್ದುಹೋಗಿ ಬಳೆಗಾರ್ತಿಯ ಗಲ್ಲ ಸವರಿದಳು.

“ನಿಮ್ಮ ಅಜ್ಜಂದ್ರಿಗೆ ನಿಂದ್ರಾಕ ಯಾರೂ ಕಲಿಸಿರಲಿಲ್ಲ, ಮಕ್ಕಳಾ. ಚಂದಾಗೇ ನಿಂತಿದ್ರು. ಇವತ್ತೊಂದಿನ ನನ್ನ ಸಲುವಾಗಿ ನೀವೂ ನಿಂದ್ರಿ. ನನ್ನ ಮಾತು ಖರೇ ಅಂತ ಮಂದಿಗೆ ಕಾಣ್ಲಿ.”

“ಆಗೂದಿಲ್ಲಬೇ, ಕಾಲು ಕೇಳೂದಿಲ್ಲ” ಎಂದು ಬಳೆಗಾರ್ತಿ ಬಿಕ್ಕಿದಳು.

ಮುದುಕಿ ಅವಳ ಕೈಯನ್ನು ಬಿಗಿಯಾಗಿ ಹಿಡಿದು ತಾನೂ ಆ ಗುಂಪಿನಲ್ಲಿ ನಿಂತಳು. ಕ್ಯಾಮರಾ ಓಡಿತು. ಏಟು ಬಿದ್ದವು. ಯಾರೂ ಕದಲಲಿಲ್ಲ. ಪಾತ್ರಧಾರಿ ಮಣ್ಣಿಗೆ ಉರುಳಿದ. ನಿರ್ದೇಶಕ “ಕಟ್” ಎಂದು ಕ್ಯಾಮರಾ ನಿಲ್ಲಿಸಿದ.

ಆಗ ಜನವೆಲ್ಲ ಪಾತ್ರಧಾರಿಯ ಬಳಿಗೆ ಓಡಿತು. ಒಬ್ಬರು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು, ಇನ್ನೊಬ್ಬರು ನೀರು ಕುಡಿಸಿದರು. ಮುದುಕಿ ಸೆರಗಿನಿಂದ ಅವನ ಮುಖದ ಮಣ್ಣು ಒರೆಸಿದಳು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಕಣ್ಣೊರೆಸಿಕೊಂಡು ಕೇಳಿದ: “ಕೊನೆಗೆ ಜನ ಓಡಿಬಂದದ್ದು ಸಿನಿಮಾದಲ್ಲಿ ಉಂಟೇ ಗುರುಗಳೇ?”

“ಇಲ್ಲಪ್ಪ, ಆ ಕೆಲಸವನ್ನು ನೋಡುವವರಿಗೆ ಬಿಟ್ಟಿದ್ದಾರೆ.”