ಕೈ ನೋಡಿ ತುಂಬಿದ ತೋಟಾ

"ಗುರುಗಳೇ, ಸತ್ಯದ ಬಿರುಸು ಕಡಿಮೆ ಮಾಡಿ ಹೇಳಿದರೆ ಅದು ಸತ್ಯವಾಗಿ ಉಳಿಯುತ್ತದೆಯೇ?" ಎಂದು ಶಿಷ್ಯ ಕೇಳಿದ.

ಕೇಳಲು ಕಾರಣವಿತ್ತು. ಗುರುಗಳು ಅವನನ್ನು ಹೊಳೆಯಾಚೆಯ ಊರಿಗೆ ಒಂದು ತಿಂಗಳ ಪ್ರವಚನಕ್ಕೆ ಕಳಿಸಿದ್ದರು. ಮೊದಲ ವಾರ ಅವನು ಹನ್ನೆರಡು ವರ್ಷ ಓದಿದ್ದನ್ನೆಲ್ಲ ಒಂದೇ ಸಮನೆ ಸುರಿದ. ಏಳನೆಯ ದಿನಕ್ಕೆ ಮುಂದೆ ಕುಳಿತವರು ನಾಲ್ಕೇ ಜನ. ಎರಡನೆಯ ವಾರ ಬರೀ ನಗೆಯ ಕತೆ ಹೇಳಿದ. ಜನ ಕಿಕ್ಕಿರಿದು ಬಂದರು, ಹೊಟ್ಟೆ ತುಂಬ ನಕ್ಕರು, ಏನೂ ಒಯ್ಯದೆ ಮನೆಗೆ ಹೋದರು. ಅವನು ಬೇಸತ್ತು ಗಂಟು ಕಟ್ಟಿಕೊಂಡು ಮಠಕ್ಕೆ ಹಿಂತಿರುಗಿದ್ದ. ಇನ್ನು ಆ ಊರಿಗೆ ಕಾಲಿಡುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಯೂ ಆಗಿತ್ತು.

ಗುರುಗಳು ಎಲ್ಲವನ್ನೂ ಕೇಳಿಸಿಕೊಂಡು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮದ್ದುಗಾರನಿದ್ದ. ಬಂದೂಕು ಪಿಸ್ತೂಲುಗಳಿಗೆ ತೋಟಾ ತುಂಬುವುದು ಅವನ ಕಸುಬು. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಚಿಪ್ಪುಗಳನ್ನು ಜನ ಅವನಿಗೆ ತಂದುಕೊಡುತ್ತಿದ್ದರು. ಅವನು ಅವನ್ನು ತಿಕ್ಕಿ ತೊಳೆದು, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮಿಳ್ಳೆಯಲ್ಲಿ ಸಿಡಿಮದ್ದು ಅಳೆದು ಹಾಕಿ, ಮೇಲೆ ಸೀಸದ ಗುಂಡು ಒತ್ತಿ ಕೊಡುತ್ತಿದ್ದ. ತನ್ನ ತೋಟಾ ಹಾರಿದರೆ ಮೂರು ಊರಿಗೆ ಕೇಳಬೇಕು ಎಂಬುದು ಅವನ ಹೆಮ್ಮೆ. ಬೇಟೆಯಲ್ಲಿ ಆ ಸದ್ದಿಗೆ ಕಾಡುಹಂದಿ ಓಡಿಹೋದದ್ದೇ ಹೆಚ್ಚು, ಗುಂಡು ತಗುಲಿ ಬಿದ್ದದ್ದು ಕಡಿಮೆ. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಊರಿನಾಚೆ ಕಾಡಿನ ದಾರಿಯಲ್ಲಿ ಒಂದು ಚೌಕಿ. ಆ ಚೌಕಿಗೆ ಒಂದು ಪಿಸ್ತೂಲು. ಆರು ತೋಟಾ ಹಿಡಿಯುವಂಥದ್ದು, ಮೈಮೇಲೆ ನುಗ್ಗಿದ ಹಂದಿಯನ್ನು ನಿಂತಲ್ಲೇ ಕೆಡವುವಷ್ಟು ದೊಡ್ಡದು. ಅಲ್ಲಿನ ಚೌಕಿದಾರನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಮೇಲಿನ ಅಧಿಕಾರಿ ಸುಬೇದಾರ ಕೆಟ್ಟವನಲ್ಲ, ಆದರೆ ನಿಯಮ ಬಿಡುವವನೂ ಅಲ್ಲ. ಆಯುಧಪೂಜೆಯ ದಿನ ಆ ಮನೆಯವರು ಯಾರಾದರೂ ಆರು ಗುಂಡಿನೊಳಗೆ ಇಪ್ಪತ್ತು ಹೆಜ್ಜೆ ದೂರದ ತೆಂಗಿನಕಾಯಿ ಒಡೆದರೆ ಚೌಕಿ ಅವರದೇ, ಇಲ್ಲವಾದರೆ ಮನೆ ಖಾಲಿ ಮಾಡಬೇಕು ಎಂದ. ಅವನನ್ನು ಬಿಟ್ಟರೆ ಮನೆಯಲ್ಲಿ ಇದ್ದವಳು ಹೆಂಡತಿ ಒಬ್ಬಳೇ.

ಗುರಿ ಕಲಿಯಲು ಚೌಕಿದಾರನ ಹೆಂಡತಿ ಖಾಲಿ ಚಿಪ್ಪು ತಂದಳು. ಮದ್ದುಗಾರ ವಾಡಿಕೆಯಂತೆ ಮಿಳ್ಳೆ ತುಂಬ ಅಳೆದು ಕೊಟ್ಟ. ಅವಳು ಹಾರಿಸಿದಳು. ಮೂರು ಊರಿಗೂ ಕೇಳಿತು. ಪಿಸ್ತೂಲು ಹಿಂದಕ್ಕೆ ಒದ್ದು ಅವಳ ಹಣೆಯವರೆಗೆ ಎಗರಿತು, ಕಾಯಿ ಮಾತ್ರ ಇದ್ದಲ್ಲೇ ಇತ್ತು. ಮಂತ್ರಕ್ಕಿಂತ ಉಗುಳೇ ಹೆಚ್ಚು ಎಂದು ದಾರಿಹೋಕರು ನಕ್ಕರು. ಮೂರನೆಯ ದಿನಕ್ಕೆ ಗುಂಡು ಹಾರುವ ಮೊದಲೇ ಅವಳ ಕಣ್ಣು ಮುಚ್ಚತೊಡಗಿತು.

ಅವಳು ಮತ್ತೆ ಬಂದಳು. "ಯಣ್ಣಾ, ಮದ್ದು ಒಂದೀಟು ಕಮ್ಮಿ ಹಾಕ್ರಿ. ನಾ ಪಿಸ್ತೂಲು ಹಿಡಿದಂಗಿಲ್ಲ, ಅದ ನನ್ನ ಹಿಡದಂಗ ಐತಿ."

"ಹುಲಿಗೆ ಹುಲ್ಲು ಹಾಕು ಅಂತೀಯಲ್ಲವಾ," ಎಂದ ಮದ್ದುಗಾರ. "ಇಷ್ಟು ದೊಡ್ಡ ಪಿಸ್ತೂಲಿಗೆ ಅರೆಮದ್ದು ತುಂಬಿದ್ರ ನಾಳೆ ನಾ ಮಂದಿಗೆ ಮಾರಿ ಹೆಂಗ ತೋರಿಸ್ಲಿ?"

ಅವಳು ಸೆರಗಿನಿಂದ ಕೈ ಹೊರಗೆ ತೆಗೆದು ತೋರಿಸಿದಳು. ಹೆಬ್ಬೆರಳಿನ ಬುಡ ಬಾತು ನೀಲಿಗಟ್ಟಿತ್ತು.

ಮದ್ದುಗಾರನಿಗೆ ಅಯ್ಯೋ ಎನ್ನಿಸಿತು. ಹೆಮ್ಮೆಯಲ್ಲಿ ಅಳತೆ ತಪ್ಪಿದವನು ಕರುಣೆಯಲ್ಲೂ ತಪ್ಪಿದ. ಮಿಳ್ಳೆಯನ್ನು ಬದಿಗಿಟ್ಟು, ಪ್ರತಿ ಚಿಪ್ಪಿಗೂ ಬರೀ ಒಂದು ಚಿಟಿಕೆ ಮದ್ದು ಉದುರಿಸಿದ. ಉಳಿದ ಜಾಗಕ್ಕೆ ಅಡುಗೆಮನೆಯ ರವೆ ತುಂಬಿದ. ಮಾರನೆಯ ದಿನ ಬೆಳಿಗ್ಗೆ ತಾನೂ ಚೌಕಿಗೆ ಹೋಗಿ ಮರದ ಕೆಳಗೆ ನಿಂತ.

ಅವಳು ಹಾರಿಸಿದಳು. ಒಗ್ಗರಣೆಗೆ ಸಾಸಿವೆ ಸಿಡಿದಷ್ಟು ಸದ್ದು. ಪಿಸ್ತೂಲು ಅಲುಗಲಿಲ್ಲ. "ನೋವ ಆಗ್ಲಿಲ್ಲ ಯಣ್ಣಾ," ಎಂದು ಮೊದಲ ಸಲ ನಕ್ಕಳು. ಎರಡನೆಯ ಗುಂಡಿಗೆ ಪಿಸ್ತೂಲಿನ ಕುದುರೆಯನ್ನು ಹಿಂದಕ್ಕೆ ಎಳೆದು ಗುರಿ ಹಿಡಿದಳು.

ಮದ್ದುಗಾರ ಕಾಯಿ ನೋಡಿದ. ಹಿಂದಿನ ಮಣ್ಣಿನ ದಿಬ್ಬ ನೋಡಿದ. ಎಲ್ಲಿಯೂ ಗುಂಡಿನ ಗುರುತಿಲ್ಲ. ದೂಡುವ ಬಲ ಸಾಲದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿತ್ತು. ಇನ್ನೊಂದು ಹಾರಿಸಿದರೆ ಪಿಸ್ತೂಲು ಅವಳ ಕೈಯಲ್ಲೇ ಸಿಡಿದುಹೋಗುತ್ತಿತ್ತು. ಅವನು ಓಡಿಹೋಗಿ ಅವಳ ಮಣಿಕಟ್ಟು ಹಿಡಿದ.

ಪಿಸ್ತೂಲನ್ನು ಕೆಳಗಿಳಿಸಿದ ಮೇಲೂ ಅವನು ಕೈ ಬಿಡಲಿಲ್ಲ, ಬಿಡುವುದು ಮರೆತುಹೋಗಿತ್ತು. ಅವಳ ನಾಡಿ ಹೊಡೆದುಕೊಳ್ಳುತ್ತಿತ್ತು. ಮಣಿಕಟ್ಟು ಸಣ್ಣದು. ಅವಳ ಬೆರಳ ತುದಿ ಮಾತ್ರ ಗುಂಡು ಹಾರಿಸುವ ಕೀಲಿಗೆ ಎಟುಕುತ್ತಿತ್ತು. ಮೂವತ್ತು ವರ್ಷ ಅವನು ಪಿಸ್ತೂಲಿನ ಬಾಯಿ ನೋಡಿ ಮದ್ದು ಅಳೆದಿದ್ದ, ಅದನ್ನು ಹಿಡಿಯುವ ಕೈಯನ್ನು ನೋಡಿಯೇ ಇರಲಿಲ್ಲ. ಅವನಿಗೆ ಬಹಳ ನಾಚಿಕೆಯಾಯಿತು.

"ನಿನ್ನ ಹೆಸರೇನವಾ?" ಎಂದು ಕೇಳಿದ.

"ನೀಲವ್ವ," ಎಂದಳು.

ಮದ್ದುಗಾರ ಸಲಾಕೆಯಿಂದ ಗುಂಡನ್ನು ಹೊರಗೆ ತಳ್ಳಿದ. ಮನೆಗೆ ಹೋಗಿ ಮಿಳ್ಳೆ, ಮದ್ದು, ಸೀಸ ಎಲ್ಲವನ್ನೂ ಹೊತ್ತು ತಂದು ಚೌಕಿಯ ಕಟ್ಟೆಯ ಮೇಲೆ ಹರಡಿಕೊಂಡು ಕುಳಿತ. ಒಂದು ತೋಟಾ ತುಂಬುವುದು, ನೀಲವ್ವನಿಗೆ ಕೊಡುವುದು. ಅವಳು ಹಾರಿಸುವಾಗ ಅವಳ ಮಣಿಕಟ್ಟಿನ ಕೆಳಗೆ ತನ್ನ ಅಂಗೈ ಇಟ್ಟು ಪಿಸ್ತೂಲು ಎಷ್ಟು ಒದೆಯುತ್ತದೆ ಎಂದು ನೋಡುವುದು. ಗುಂಡು ದಿಬ್ಬ ಸೇರದಿದ್ದರೆ ಒಂದು ಚೂರು ಏರಿಸಿದ. ಅವಳ ರೆಪ್ಪೆ ಮುಚ್ಚಿದರೆ ಒಂದು ಚೂರು ಇಳಿಸಿದ. ಹೀಗೆ ನಾಲ್ಕು ದಿನ ನಡೆಯಿತು. ಐದನೆಯ ದಿನ ಒಂದು ಅಳತೆಗೆ ಗುಂಡು ದಿಬ್ಬದೊಳಗೆ ಗೇಣುದ್ದ ಹೊಕ್ಕಿತು, ನೀಲವ್ವನ ಕಣ್ಣು ತೆರೆದೇ ಇತ್ತು. ಮದ್ದುಗಾರ ಮೊಳೆಯಿಂದ ಮಿಳ್ಳೆಯ ಒಳಮೈಗೆ ಅಲ್ಲೊಂದು ಗೆರೆ ಎಳೆದ.

ಆಯುಧಪೂಜೆಯ ದಿನ ಮೊದಲ ಗುಂಡು ತಪ್ಪಿತು. ಎರಡನೆಯದೂ ತಪ್ಪಿತು. ಮೂರನೆಯದಕ್ಕೆ ಕಾಯಿ ಎರಡು ಹೋಳಾಗಿ ಒಳಗಿನ ನೀರು ಕಲ್ಲಿನ ಮೇಲೆ ಹರಿಯಿತು. ಒಳಗೆ ಮಂಚದ ಮೇಲಿದ್ದ ಚೌಕಿದಾರ ಗಟ್ಟಿಯಾಗಿ ಅತ್ತುಬಿಟ್ಟ.

"ಎಲ್ಲಾ ಸರಿ, ಸದ್ದು ಸಣ್ಣದಾತಲ್ಲ," ಎಂದ ಸುಬೇದಾರ.

"ಕಾಯಿಗೆ ಕಣ್ಣ ಇರತಾವ್ರಿ ಸಾಹೇಬ್ರ, ಕಿವಿ ಇರಂಗಿಲ್ಲ," ಎಂದ ಮದ್ದುಗಾರ.

ನಾಲ್ಕು ತಿಂಗಳ ಮೇಲೆ ನೀಲವ್ವ ಖಾಲಿ ಚಿಪ್ಪುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. "ಯಣ್ಣಾ, ಈ ಸಲ ಗೆರಿ ಮ್ಯಾಲೆ ಒಂದು ಚೂರು ಹಾಕ್ರಿ. ಕೈ ತಾನ ಕೇಳಾಕತ್ತೈತಿ," ಎಂದಳು. ಆ ದಿನ ಮದ್ದುಗಾರನಿಗೆ ಆದಷ್ಟು ಸಂತೋಷ ಅವನ ತೋಟಾ ಮೂರು ಊರಿಗೆ ಕೇಳಿದಾಗಲೂ ಆಗಿರಲಿಲ್ಲ. ಮುಂದಿನ ವರ್ಷದ ಆಯುಧಪೂಜೆಗೆ ಮಿಳ್ಳೆ ತುಂಬಿತ್ತು. ಮೂರು ಊರಿಗೂ ಕೇಳಿತು, ಕಾಯಿಯೂ ಒಡೆಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

"ತಿಳಿಯಿತು ಗುರುಗಳೇ, ನಾಳೆಯೇ ಹೊಳೆ ದಾಟುತ್ತೇನೆ," ಎಂದ. "ಎಷ್ಟು ಹೇಳಲಿ, ಅರ್ಧವೋ, ಕಾಲುಭಾಗವೋ? ಅದೊಂದು ಅಳತೆ ಹೇಳಿಬಿಡಿ."

"ಹದಿನಾಲ್ಕು ದಿನ ನಿನ್ನ ಮುಂದೆ ಕುಳಿತವರಲ್ಲಿ ಒಬ್ಬರ ಹೆಸರು ಹೇಳು," ಎಂದರು ಗುರುಗಳು.

ಶಿಷ್ಯ ಗಂಟು ಎತ್ತಿಕೊಂಡು, "ಮೊದಲು ಹೆಸರು ಕೇಳಿಕೊಂಡು ಬರುತ್ತೇನೆ," ಎಂದು ಹೊಳೆಯ ದಾರಿ ಹಿಡಿದ.